ಕೊಕ್ಕೆಹುಳುವಿನ ಹಾದಿ

ಅರಸರಿಗೂ ಅರಮನೆಗಳಿಗೂ ಚರಿತ್ರೆಯಿರುವಂತೆ ರೋಗಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ, ತಾಮ್ರಪಟದಲ್ಲಿ ಬರೆಸಲಿಲ್ಲ. ದುಡಿಯುವವನ ಬಿಳಿಚಿದ ಮುಖದಲ್ಲಿ, ಏದುಸಿರಿನಲ್ಲಿ, ಊದಿಕೊಂಡ ಪಾದದಲ್ಲಿ ಅದು ಬರೆದಿರುತ್ತದೆ. ಓದುವ ಕಣ್ಣು ಬೇಕು, ಅಷ್ಟೆ. ಇಂತಹ ಚರಿತ್ರೆಗಳಲ್ಲಿ ಬಹು ಹಳೆಯದೊಂದನ್ನೂ ತೀರ ಹೊಸದೊಂದನ್ನೂ ಜೊತೆಗಿಟ್ಟು ನೋಡುವುದು ಈ ಲೇಖನದ ಉದ್ದೇಶ. ಹಳೆಯದು ಹೊಟ್ಟೆಯ ಜಂತುಹುಳುವಿನದು, ಹೊಸದು ಎಚ್.ಐ.ವಿ. ಸೋಂಕಿನದು. ಇವೆರಡೂ ಒಂದೇ ದೇಹದಲ್ಲಿ ಕೂಡಿದಾಗ ಆಗುವುದೇನು, ಆ ಕಷ್ಟಕ್ಕೆ ಪರಿಹಾರವೆಲ್ಲಿ ಎಂಬುದನ್ನು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಗಳನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಎಚ್.ಐ.ವಿ. ಎಂಬ ಮೂರು ಅಕ್ಷರ ಕಿವಿಗೆ ಬಿದ್ದೊಡನೆ ರೇಡಿಯೋವಿನ ಧ್ವನಿಯನ್ನು ತಗ್ಗಿಸುವ ಮನೆಗಳು ಇಂದಿಗೂ ಇವೆ. ಮಕ್ಕಳ ಮುಂದೆ ಆಡಬಾರದ ಮಾತೆಂದು ಹಿರಿಯರ ಎಣಿಕೆ. ಈ ಪುಟವನ್ನು ಹಾಗೆ ಮಡಚಿಡಬೇಡಿ ಎಂದು ಮೊದಲಿಗೇ ನಿಮ್ಮಲ್ಲಿ ಅರಿಕೆ.

ಹಳೆಯ ಮಾತಿನಿಂದಲೇ ತೊಡಗೋಣ. ನಮ್ಮ ಪ್ರಾಚೀನ ವೈದ್ಯರಿಗೆ ಹೊಟ್ಟೆಹುಳುವಿನ ಪರಿಚಯ ಚೆನ್ನಾಗಿಯೇ ಇತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳ ಎಣಿಕೆಯಿದೆ. ಅದೇ ಗ್ರಂಥವು ಮಣ್ಣು ತಿನ್ನುವುದರಿಂದ ಬರುವ ಪಾಂಡುರೋಗವನ್ನು ವಿವರಿಸುವಾಗ ರೋಗಿಯ ಕೋಷ್ಠದಲ್ಲಿ ಕ್ರಿಮಿಗಳಿರುವುದನ್ನೂ ಸೇರಿಸಿ ಹೇಳುತ್ತದೆ. ಪಾಂಡುವೆಂದರೆ ಬಿಳಿಚು ಬಣ್ಣ. ಇಂದಿನ ಮಾತಿನಲ್ಲಿ ರಕ್ತಹೀನತೆ. ಮಣ್ಣು, ಹುಳು, ರಕ್ತಹೀನತೆ ಈ ಮೂರನ್ನೂ ಒಂದೆಡೆ ಕಂಡ ಆ ಕಣ್ಣು ಸಾಮಾನ್ಯವಾದುದಲ್ಲ.

ಅದಕ್ಕಿಂತ ಮುಖ್ಯವಾದದ್ದು ಚರಕನು ಹೇಳುವ ಚಿಕಿತ್ಸೆಯ ಕ್ರಮ. ಅದಕ್ಕೆ ಮೂರು ಮೆಟ್ಟಿಲು. ಮೊದಲನೆಯದು ಅಪಕರ್ಷಣ, ಎಂದರೆ ಹುಳುವನ್ನು ಹೊರಗೆಳೆದು ಹಾಕುವುದು. ಎರಡನೆಯದು ಪ್ರಕೃತಿವಿಘಾತ, ಎಂದರೆ ಹುಳು ಬೆಳೆಯುವುದಕ್ಕೆ ಅನುಕೂಲವಾದ ಒಳಗಿನ ಸ್ಥಿತಿಯನ್ನು ಕೆಡಿಸುವುದು. ಮೂರನೆಯದು ನಿದಾನಪರಿವರ್ಜನ, ಎಂದರೆ ರೋಗ ಬರುವ ಕಾರಣವನ್ನೇ ದೂರ ಮಾಡುವುದು. ಈ ಮೂರು ಪದಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬರುವ ನೂರಾರು ವರ್ಷಗಳ ಕಥೆಯನ್ನು ಇವುಗಳಿಂದಲೇ ಅಳೆಯಬಹುದು.

ಹುಳುಗಳಲ್ಲಿ ದುಂಡುಹುಳು, ಚಾವಟಿಹುಳು, ಲಾಡಿಹುಳು ಎಂದು ಅನೇಕ ಜಾತಿಗಳಿದ್ದರೂ ರಕ್ತ ಕುಡಿಯುವುದರಲ್ಲಿ ಕೊಕ್ಕೆಹುಳುವಿಗೆ ಸಮನಾದದ್ದು ಇಲ್ಲ. ಅದರ ಉದ್ದ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಇಟಲಿಯ ಮಿಲಾನ್ ನಗರದಲ್ಲಿ ಏಂಜೆಲೋ ದುಬೀನಿ ಎಂಬ ವೈದ್ಯನು 1838ರಲ್ಲಿ ತೀರಿಕೊಂಡ ರೈತ ಹೆಂಗಸೊಬ್ಬಳ ಕರುಳಿನಲ್ಲಿ ಇದನ್ನು ಕಂಡು, 1843ರಲ್ಲಿ ವರ್ಣಿಸಿ ಹೆಸರಿಟ್ಟನು. ಆಲ್ಪ್ಸ್ ಪರ್ವತವನ್ನು ಕೊರೆದು ಸೇಂಟ್ ಗೊಥಾರ್ಡ್ ರೈಲು ಸುರಂಗವನ್ನು ಮಾಡುತ್ತಿದ್ದಾಗ ಕೂಲಿಯವರು ಬಿಳಿಚಿಕೊಂಡು ಕುಸಿಯತೊಡಗಿದರು. 1880ರ ಹೊತ್ತಿಗೆ ಅದಕ್ಕೆ ಈ ಹುಳುವೇ ಕಾರಣವೆಂದು ತಿಳಿದುಬಂತು. ಆದರೆ ಅದು ಹೊಟ್ಟೆಗೆ ಹೋಗುವುದು ಹೇಗೆ? ಬಾಯಿಂದಲೇ ಎಂದು ಎಲ್ಲರೂ ನಂಬಿದ್ದರು. ಈಜಿಪ್ಟಿನಲ್ಲಿ ಪ್ರಯೋಗ ನಡೆಸುತ್ತಿದ್ದ ಆರ್ತರ್ ಲೂಸ್ ಎಂಬ ಜರ್ಮನ್ ವಿದ್ವಾಂಸನ ಕೈಮೇಲೆ ಮರಿಹುಳುಗಳಿದ್ದ ನೀರು ಅಕಸ್ಮಾತ್ತಾಗಿ ಚೆಲ್ಲಿತು. ಅಲ್ಲಿ ನವೆಯೆದ್ದಿತು; ಕೆಲವು ವಾರಗಳ ಮೇಲೆ ಅವನ ಮಲದಲ್ಲಿಯೇ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಹುಳು ಚರ್ಮವನ್ನು ತೂರಿಕೊಂಡು ಒಳಗೆ ಹೋಗುತ್ತದೆಂದು 1898ರಲ್ಲಿ ಅವನು ಜಗತ್ತಿಗೆ ತಿಳಿಸಿದನು.

ಈ ಹಾದಿ ಸೋಜಿಗವಾದದ್ದು. ಬಯಲಿನಲ್ಲಿ ಬಿದ್ದ ಮಲದೊಡನೆ ಮೊಟ್ಟೆಗಳು ಮಣ್ಣಿಗೆ ಸೇರುತ್ತವೆ. ನೆರಳು, ತೇವ, ಹಿತವಾದ ಬಿಸಿ ಇದ್ದರೆ ಒಂದೆರಡು ದಿನಗಳಲ್ಲಿ ಮರಿಯಾಗಿ, ವಾರದ ಆಚೀಚೆ ಚರ್ಮವನ್ನು ಹೊಗುವ ಶಕ್ತಿ ಪಡೆಯುತ್ತವೆ. ಬರಿಗಾಲು ಸೋಕಿದೊಡನೆ ಬೆರಳ ಸಂದಿಯಲ್ಲಿ ನುಸುಳಿ, ರಕ್ತದಲ್ಲಿ ತೇಲಿ, ಹೃದಯವನ್ನು ದಾಟಿ ಶ್ವಾಸಕೋಶಕ್ಕೆ ಬಂದು, ಅಲ್ಲಿಂದ ಗಂಟಲಿಗೆ ಏರಿ, ನುಂಗಿದ ಉಗುಳಿನೊಡನೆ ಸಣ್ಣ ಕರುಳಿಗೆ ಇಳಿಯುತ್ತವೆ. ಅಲ್ಲಿ ಗೋಡೆಯನ್ನು ಕಚ್ಚಿಕೊಂಡು ವರ್ಷಗಟ್ಟಲೆ ಬಾಳುತ್ತವೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತವನ್ನು ನಷ್ಟ ಮಾಡುತ್ತದೆ. ಒಂದು ಹುಳುವಿಗೆ ಇದು ಲೆಕ್ಕಕ್ಕಿಲ್ಲ. ನೂರು ಹುಳುವಿದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90 ಮಿಲಿಲೀಟರ್. ಹೊಟ್ಟೆತುಂಬ ಸೊಪ್ಪು, ಕಾಳು, ಮಾಂಸ ಉಣ್ಣುವವನು ತಾಳಿಕೊಂಡಾನು. ಮುದ್ದೆಗೆ ಬರಿಯ ಉಪ್ಪುಸಾರು ಸಿಕ್ಕುವವಳ ಪಾಡೇನು?

ಕಾರಣ ತಿಳಿದ ಮೇಲೆ ಔಷಧದ ಹುಡುಕಾಟ ಜೋರಾಯಿತು. ಮೊದಮೊದಲು ಕೊಡುತ್ತಿದ್ದ ಥೈಮಾಲ್ ಎಂಬ ಮದ್ದು ನಿಮ್ಮ ಅಡುಗೆಮನೆಯ ಓಮದ ಕಾಳಿನಲ್ಲಿಯೂ ಇರುವ ವಸ್ತುವೇ. ಆಮೇಲೆ ಚೆನೊಪೋಡಿಯಂ ಎಣ್ಣೆ ಬಂತು. 1921ರಿಂದ ಕಾರ್ಬನ್ ಟೆಟ್ರಾಕ್ಲೋರೈಡ್ ಬಂತು. ಅದು ಹುಳುವನ್ನು ಕೊಲ್ಲುವುದರ ಜೊತೆಗೆ ಒಮ್ಮೊಮ್ಮೆ ರೋಗಿಯ ಪಿತ್ತಜನಕಾಂಗವನ್ನೂ ಕೆಡಿಸುತ್ತಿತ್ತು. ಅಮೆರಿಕೆಯ ರಾಕ್‌ಫೆಲ್ಲರ್ ಸಂಸ್ಥೆ 1909ರಲ್ಲಿ ತನ್ನ ದೇಶದ ದಕ್ಷಿಣ ಸೀಮೆಯಲ್ಲಿ ಕೊಕ್ಕೆಹುಳುವಿನ ಮೇಲೆ ದಂಡಯಾತ್ರೆ ಹೂಡಿ, ಮುಂದೆ ಅದನ್ನು ಲೋಕದ ಹಲವು ಕಡೆಗೆ ಹಬ್ಬಿಸಿತು. 1920ರ ದಶಕದಲ್ಲಿ ಮದರಾಸು ಆಧಿಪತ್ಯದಲ್ಲಿ ಅದರ ಕೆಲಸ ನಡೆಯಿತು. ಅದೇ ದಶಕದಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿದ್ದು ಭಾರತದ ಉದ್ದಗಲಕ್ಕೆ ಪರಿಶೀಲನೆ ನಡೆಸಿದ ಏಸಾ ಚಾಂಡ್ಲರ್ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದನು. ಹುಳುವಿರುವುದು ಬೇರೆ, ಹುಳುವಿನಿಂದ ರೋಗಿಯಾಗುವುದು ಬೇರೆ. ನಾಲ್ಕು ಹುಳುವಿದ್ದವನನ್ನೂ ನಾನೂರು ಹುಳುವಿದ್ದವನನ್ನೂ ಒಂದೇ ಪಟ್ಟಿಯಲ್ಲಿ ಬರೆಯಬಾರದು. ಹುಳುವಿನ ಹೊರೆ ಎಷ್ಟು, ಅದನ್ನು ಹೊರುವ ದೇಹಕ್ಕೆ ಕಸುವೆಷ್ಟು ಎಂಬುದನ್ನು ನೋಡಬೇಕು. ಈ ಮಾತಿಗೆ ಮತ್ತೆ ಬರೋಣ.

ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1920ರ ದಶಕದ ಕೊನೆಯ ಹೊತ್ತಿಗೆ, ಸರ್ಕಾರವು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಸಾರ್ವಜನಿಕ ಆರೋಗ್ಯದ ಕೆಲಸವನ್ನು ಹೊಸದಾಗಿ ಕಟ್ಟಿತು. ಡಬ್ಲ್ಯು. ಸಿ. ಸ್ವೀಟ್ ಎಂಬ ವೈದ್ಯರು ಸಲಹೆಗಾರರಾಗಿ ಇಲ್ಲಿದ್ದು ದುಡಿದರು. ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಮಂಡ್ಯದಲ್ಲಿಯೂ, ಅಂದು ಕ್ಲೋಸ್‌ಪೇಟೆಯೆನಿಸಿದ್ದ ಇಂದಿನ ರಾಮನಗರದಲ್ಲಿಯೂ ಗ್ರಾಮಗಳ ಆರೋಗ್ಯಕ್ಕಾಗಿ ಘಟಕಗಳು ಏರ್ಪಟ್ಟವು. ಹುಳು ಬೀಳುವ ಮದ್ದು ಕೊಡುವುದು ಎಷ್ಟು ಮುಖ್ಯವೋ ಜನ ಪಾಯಿಖಾನೆ ಬಳಸುವಂತೆ ಮಾಡುವುದು ಅದಕ್ಕಿಂತ ಮುಖ್ಯವೆಂಬ ತಿಳಿವು ಆ ಕಾಲದ ಆರೋಗ್ಯಾಧಿಕಾರಿಗಳಿಗೆ ಇತ್ತು. ಆದರೆ ಮದ್ದು ನುಂಗಿಸುವುದು ಒಂದು ದಿನದ ಕೆಲಸ. ಹಿತ್ತಲು, ನೀರು, ಅಭ್ಯಾಸಗಳನ್ನು ತಿದ್ದುವುದು ಒಂದು ತಲೆಮಾರಿನ ಕೆಲಸ. ಅಪಕರ್ಷಣ ನಡೆಯಿತು; ನಿದಾನಪರಿವರ್ಜನ ಹಿಂದೆ ಉಳಿಯಿತು.

ಈಗ ನಮ್ಮ ನಾಲ್ಕು ಸೀಮೆಗಳಿಗೆ ಬರೋಣ. ಮೈಸೂರಿನಿಂದ ಮಡಿಕೇರಿಯ ದಾರಿ ಹಿಡಿದರೆ ಹುಣಸೂರು, ಅದರಾಚೆ ಪಿರಿಯಾಪಟ್ಟಣ. ಬಲಕ್ಕೆ ಕಾವೇರಿಯ ನಾಲೆಗಳಿಂದ ಗದ್ದೆ ಹಸಿರಾದ ಕೃಷ್ಣರಾಜನಗರ, ಹಿಂದಿನ ಎಡತೊರೆ ಸೀಮೆ. ಎಡಕ್ಕೆ ಕಪಿಲೆಯೆಂದೂ ಕಬಿನಿಯೆಂದೂ ಕರೆಯುವ ಹೊಳೆಯ ಮಗ್ಗುಲಿಗೆ ಕಾಡಿನಂಚಿನ ಹೆಗ್ಗಡದೇವನಕೋಟೆ. ಇತ್ತೀಚಿನ ವರ್ಷಗಳಲ್ಲಿ ಸಾಲಿಗ್ರಾಮ, ಸರಗೂರುಗಳು ಬೇರೆ ತಾಲ್ಲೂಕುಗಳಾದರೂ ಮಣ್ಣು ಅದೇ, ಮಳೆ ಅದೇ. ಹೊಗೆಸೊಪ್ಪಿಗೆ ಹೆಸರಾದ ಈ ಸೀಮೆಯಲ್ಲಿ ಮುಂಗಾರಿನ ಹದದಲ್ಲಿ ಸಸಿ ನೆಟ್ಟು, ಮಳೆಗಾಲದಲ್ಲಿಯೇ ಎಲೆ ಮುರಿದು, ಬ್ಯಾರನ್ನಿನಲ್ಲಿ ಬೇಯಿಸುತ್ತಾರೆ. ಮಣ್ಣು ಹಸಿಯಾಗಿರುವ ತಿಂಗಳುಗಳೇ ಹೊಲದಲ್ಲಿ ಕೆಲಸ ಹೆಚ್ಚಿರುವ ತಿಂಗಳುಗಳು. ಕೆಸರಿನಲ್ಲಿ ಚಪ್ಪಲಿ ಹೂತುಕೊಳ್ಳುತ್ತದೆಂದು ಕೂಲಿಯಾಳು ಅದನ್ನು ಬದುವಿನ ಮೇಲೆ ಬಿಟ್ಟು ಇಳಿಯುತ್ತಾನೆ. ಕೆಲಸ ಕಡಿಮೆಯಾದಾಗ ಇಲ್ಲಿನ ಜನ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವುದೂ ಹಳೆಯ ವಾಡಿಕೆ. ಮರದ ನೆರಳು, ತರಗೆಲೆಯ ತೇವ, ಹದವಾದ ಬಿಸಿಯಿರುವ ತೋಟದ ಮಣ್ಣು ಕೊಕ್ಕೆಹುಳುವಿನ ಮರಿಗೆ ತೊಟ್ಟಿಲಿನಂತೆ. ಕಾಡಿನಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬ, ಕಾಡುಕುರುಬ ಜನರ ಕಷ್ಟವಂತೂ ಇನ್ನೂ ಒಂದು ಪಟ್ಟು ಹೆಚ್ಚು.

ಇಂತಹ ನೆಲಕ್ಕೆ ಹೊಸ ರೋಗವೊಂದು ಬಂತು. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರೂ ಅದನ್ನು ಕಂಡುಹಿಡಿದರು. ಹತ್ತು ಹದಿನೈದು ವರ್ಷಗಳಲ್ಲಿ ಅದು ಕರ್ನಾಟಕದ ಹಳ್ಳಿಹಳ್ಳಿಗೂ ಕಾಲಿಟ್ಟಿತು. ಮೈಸೂರಿನಲ್ಲಿ 1997ರಲ್ಲಿ ಆಶಾಕಿರಣ ಸಂಸ್ಥೆ ಈ ರೋಗಿಗಳಿಗಾಗಿಯೇ ಹುಟ್ಟಿತು. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ವೈದ್ಯವಿದ್ಯಾರ್ಥಿ ಗೆಳೆಯರು ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯುವ ಚಳವಳಿಯು ಸರಗೂರಿನ ತನ್ನ ಆಸ್ಪತ್ರೆಯಲ್ಲಿ ಹಳ್ಳಿ ಹಾಡಿಗಳ ಜನರ ಜೊತೆಗೆ ಎಚ್.ಐ.ವಿ. ಸೋಂಕಿತರ ಆರೈಕೆಯನ್ನೂ ಕೈಗೊಂಡಿತು. 2004ರ ಏಪ್ರಿಲ್ 1ರಿಂದ ಸರ್ಕಾರವು ವೈರಾಣುವನ್ನು ಹತ್ತಿಕ್ಕುವ ಔಷಧವನ್ನು ಉಚಿತವಾಗಿ ಕೊಡತೊಡಗಿತು. ಸಾವಿನ ಚೀಟಿಯೆನಿಸಿದ್ದ ರೋಗವು ದಿನವೂ ಮಾತ್ರೆ ನುಂಗಿ ಬಾಳಬಹುದಾದ ರೋಗವಾಯಿತು.

ಆದರೆ ಇಲ್ಲಿಯೇ ಹಳೆಯ ಹುಳು ಹೊಸ ಔಷಧಕ್ಕೆ ಅಡ್ಡ ಬಂತು. ಆ ವರ್ಷಗಳಲ್ಲಿ ಬಳಕೆಯಲ್ಲಿದ್ದ ಮುಖ್ಯ ಮದ್ದುಗಳಲ್ಲಿ ಜಿಡೊವುಡಿನ್ ಒಂದು. ಅದು ರಕ್ತದ ಹಿಮೋಗ್ಲೋಬಿನ್ನನ್ನು ತಗ್ಗಿಸುವ ಸ್ವಭಾವದ್ದು. ಆದ್ದರಿಂದ ಮೊದಲೇ ರಕ್ತಹೀನರಾದವರಿಗೆ ಅದನ್ನು ಕೊಡುವಂತಿರಲಿಲ್ಲ. ಅವರಿಗೆ ಸ್ಟಾವುಡಿನ್ ಎಂಬ ಬೇರೊಂದು ಮದ್ದು. ಅದರಿಂದ ಕೈಕಾಲು ಜೋಮು ಹಿಡಿಯುವುದು, ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುವುದು ಮುಂತಾದ ತೊಂದರೆಗಳಾಗುತ್ತಿದ್ದವು. ಗುಳಿಬಿದ್ದ ಕೆನ್ನೆಯನ್ನು ಕಂಡೇ ನೆರೆಹೊರೆ ಗುಟ್ಟನ್ನು ಊಹಿಸುತ್ತಿತ್ತು. ಕರುಳಿನ ಕೊಕ್ಕೆಹುಳು ರಕ್ತವನ್ನು ಬಸಿದು ಹಿಮೋಗ್ಲೋಬಿನ್ನನ್ನು ತಗ್ಗಿಸಿದರೆ, ಹೆಂಗಸೊಬ್ಬಳಿಗೆ ಸಿಕ್ಕುವ ಮದ್ದೇ ಬದಲಾಗಿ, ಮದ್ದಿನಿಂದ ಅವಳ ಮುಖವೂ ಬದಲಾಗಿ, ಮುಖದಿಂದ ಊರಿನಲ್ಲಿ ಅವಳ ಬಾಳೂ ಬದಲಾಗಬಹುದಾಗಿತ್ತು. ಒಂದು ಸೆಂಟಿಮೀಟರ್ ಉದ್ದದ ಹುಳುವಿನ ಕೈ ಎಷ್ಟು ಉದ್ದವೆಂಬುದನ್ನು ನೋಡಿ! ಇಂದು ಸ್ಟಾವುಡಿನ್ ಬಳಕೆಯಲ್ಲಿಲ್ಲ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಈ ಮೂರೂ ಕೂಡಿದ ಒಂದು ಮಾತ್ರೆ ದಿನಕ್ಕೊಂದರಂತೆ ಸಾಕು. ಆದರೂ ರಕ್ತಹೀನತೆಯ ಬವಣೆ ಹೋಗಿಲ್ಲ. ಎಚ್.ಐ.ವಿ. ತಾನೇ ರಕ್ತವನ್ನು ಕುಗ್ಗಿಸುತ್ತದೆ. ಅದರ ಮೇಲೆ ಹುಳುವೂ ಸೇರಿದರೆ ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಚಾಂಡ್ಲರನ ಮಾತು ಇಲ್ಲಿ ನೆನಪಾಗಬೇಕು. ಗಟ್ಟಿಮುಟ್ಟಾದವನಿಗೆ ಹಗುರವಾದ ಹೊರೆಯೇ ಸೊರಗಿದವನಿಗೆ ಭಾರವಾಗುತ್ತದೆ.

ಹುಳುವಿಗೂ ಎಚ್.ಐ.ವಿ.ಗೂ ಇದಕ್ಕಿಂತ ಆಳವಾದ ನಂಟಿದೆಯೆಂದು ವಿದ್ವಾಂಸರು ಒಂದು ಕಾಲಕ್ಕೆ ಎಣಿಸಿದ್ದರು. ಹೊಟ್ಟೆಯ ಹುಳುಗಳು ದೇಹದ ರಕ್ಷಣಾಶಕ್ತಿಯನ್ನು ಸದಾ ಕೆರಳಿಸಿಟ್ಟು ವೈರಾಣುವಿಗೆ ಹಾದಿ ಸುಗಮ ಮಾಡುತ್ತವೆಂದು ಇಸ್ರೇಲಿನ ಜ್ವಿ ಬೆಂಟ್ವಿಚ್ ಮತ್ತು ಸಂಗಡಿಗರು 1995ರಲ್ಲಿ ವಾದಿಸಿದರು. ಹುಳುವಿನ ಮಾತ್ರೆಯಿಂದಲೇ ಎಚ್.ಐ.ವಿ.ಯ ಓಟವನ್ನು ನಿಧಾನಗೊಳಿಸಬಹುದೆಂಬ ಆಸೆ ಹುಟ್ಟಿತು. ಇದನ್ನು ಪರೀಕ್ಷಿಸಲು ಕೀನ್ಯಾ ದೇಶದಲ್ಲಿ 948 ಮಂದಿ ಸೋಂಕಿತರನ್ನು ಸೇರಿಸಿಕೊಂಡು, ಅವರಲ್ಲಿ ಒಂದು ಗುಂಪಿಗೆ ಮೂರು ತಿಂಗಳಿಗೊಮ್ಮೆ ಹುಳುವಿನ ಮದ್ದು ಕೊಡುತ್ತ ಎರಡು ವರ್ಷ ನೋಡಿದರು. 2012ರಲ್ಲಿ ಫಲಿತಾಂಶ ಹೊರಬಂತು: ಮದ್ದು ನುಂಗಿದವರಿಗೂ ನುಂಗದವರಿಗೂ ಎಚ್.ಐ.ವಿ.ಯ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನಾವು ಕಲಿಯಬೇಕಾದುದು ಸ್ಪಷ್ಟ. ಹುಳುವಿನ ಮಾತ್ರೆ ಹುಳುವಿಗೆ ಮದ್ದು, ಎಚ್.ಐ.ವಿ.ಗೆ ಅಲ್ಲ. ಎಚ್.ಐ.ವಿ.ಗೆ ಅದರದೇ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಬೇಕು. ಹೊಟ್ಟೆ ಶುದ್ಧಿಯಾದರೆ ರಕ್ತವೂ ಶುದ್ಧಿಯಾಗುತ್ತದೆಂದು ಹೇಳಿ ಭೇದಿಮದ್ದು ಮಾರುವವರ ಮಾತಿಗೆ ಮರುಳಾಗಬಾರದು.

ಇನ್ನೆರಡು ವಿವೇಚನೆಗಳು ಅಗತ್ಯ. ಎಚ್.ಐ.ವಿ. ಇರುವವರಿಗೆ ವಾರಗಟ್ಟಲೆ ಭೇದಿಯಾದರೆ ಮನೆಯವರು ಜಂತುಹುಳುವೆಂದು ಅಂಗಡಿಯಿಂದ ಮಾತ್ರೆ ತಂದು ಕೊಡುವುದುಂಟು. ಆದರೆ ಅಂತಹ ಭೇದಿಗೆ ಎಷ್ಟೋ ಸಲ ಕ್ರಿಪ್ಟೋಸ್ಪೊರಿಡಿಯಂ, ಐಸೊಸ್ಪೊರ ಎಂಬ, ಬರಿಗಣ್ಣಿಗೆ ಕಾಣದ ಏಕಕೋಶ ಜೀವಿಗಳು ಕಾರಣ. ಇವು ಹುಳುವಿನ ಮಾತ್ರೆಗೆ ಬಗ್ಗುವುದಿಲ್ಲ. ಮಲಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಬೇಕು. ಎರಡನೆಯದು, ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವಿನ ವಿಷಯ. ಇದೂ ಅಂಗಾಲಿನಿಂದಲೇ ಬರುತ್ತದೆ. ಆದರೆ ದೇಹದೊಳಗೇ ಮರಿಮಾಡಿ ಮತ್ತೆ ಮತ್ತೆ ಬೆಳೆಯುವುದರಿಂದ ದಶಕಗಳ ಕಾಲ ಉಳಿಯಬಲ್ಲದು. ಎಚ್.ಐ.ವಿ. ಇರುವವರಲ್ಲಿ ಇದು ಮೈತುಂಬ ಹಬ್ಬೀತೆಂದು ವೈದ್ಯರು ಮೊದಲು ಭಯಪಟ್ಟಿದ್ದರು. ಅಷ್ಟು ವ್ಯಾಪಕವಾಗಿ ಹಾಗಾಗಲಿಲ್ಲ. ಆದರೂ ಸ್ಟಿರಾಯ್ಡ್ ಮದ್ದು ಕೊಡುವಾಗ ಇದು ಪ್ರಾಣಕ್ಕೆ ಎರವಾಗಬಹುದು. ಒಂದು ಆಲ್ಬೆಂಡಜೋಲ್ ಮಾತ್ರೆ ಇದಕ್ಕೆ ಸಾಲದು, ಐವರ್ಮೆಕ್ಟಿನ್ ಬೇಕು. ಆ ಮದ್ದನ್ನು ಕಂಡುಹಿಡಿದ ವಿಲಿಯಂ ಕ್ಯಾಂಬೆಲ್, ಸತೋಶಿ ಒಮುರ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಅದೇ 2015ರಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆರಂಭವಾಯಿತು. 1ರಿಂದ 19 ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿಯೂ ಶಾಲೆಯಲ್ಲಿಯೂ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ನಮ್ಮಂತಹ ಮೇಷ್ಟರುಗಳೇ ಮುಂದೆ ನಿಂತು, ಚೀಪಿ ನುಂಗಿದರೋ ಇಲ್ಲವೋ ಎಂದು ನೋಡುತ್ತೇವೆ. ಗರ್ಭಿಣಿಯರಿಗೂ ಕೊಡುವ ಏರ್ಪಾಡಿದೆ. ಒಳ್ಳೆಯದೇ. ಆದರೆ ಆ ಮಗುವಿನ ತಂದೆ, ಹೊಗೆಸೊಪ್ಪಿನ ಹೊಲದಲ್ಲಿ ಬರಿಗಾಲಿನಲ್ಲಿ ನಿಂತವನು, ಯಾವ ಶಾಲೆಯ ಸಾಲಿನಲ್ಲಿ ನಿಲ್ಲಬೇಕು? ಎಚ್.ಐ.ವಿ. ಮದ್ದಿಗೆಂದು ತಿಂಗಳು ತಿಂಗಳು ಆಸ್ಪತ್ರೆಗೆ ಬರುವವರು ತಮ್ಮ ಹೊಟ್ಟೆಯ ವಿಷಯವನ್ನೂ ಅಲ್ಲಿಯೇ ಬಾಯಿಬಿಟ್ಟು ಕೇಳಬೇಕು. ರಕ್ತ ಕಡಿಮೆಯೆಂದಾಗ ಕಬ್ಬಿಣದ ಮಾತ್ರೆಯೊಡನೆ ಹುಳುವಿನ ಪರೀಕ್ಷೆಯೂ ಆಗಬೇಕು.

ಇಷ್ಟಾದರೂ ಇದು ಅಪಕರ್ಷಣ ಮಾತ್ರ. ಮದ್ದು ನುಂಗಿದ ಕಾಲು ಮರುದಿನ ಅದೇ ಮಣ್ಣನ್ನು ತುಳಿದರೆ ಹುಳು ಮತ್ತೆ ಅದೇ ಹಾದಿ ಹಿಡಿಯುತ್ತದೆ. ದೇಹದ ಕಸುವನ್ನು ಮರಳಿ ತರುವುದು ಪ್ರಕೃತಿವಿಘಾತಕ್ಕೆ ಸಮೀಪವಾದ ಕೆಲಸವೆನ್ನಬಹುದು, ಅದನ್ನು ಎಚ್.ಐ.ವಿ. ಔಷಧವೂ ಒಳ್ಳೆಯ ಊಟವೂ ಮಾಡುತ್ತವೆ. ಉಳಿದದ್ದು ನಿದಾನಪರಿವರ್ಜನ. ಅದು ರೋಗಿಯೊಬ್ಬನಿಂದ ಆಗುವುದಲ್ಲ. ಅವನು ತನ್ನ ಮನೆಯಲ್ಲಿ ಪಾಯಿಖಾನೆ ಕಟ್ಟಿಸಿದರೂ ಊರಿನ ಉಳಿದವರು ಚೊಂಬು ಹಿಡಿದು ಹೊಲದ ಬದುವಿಗೆ ಹೋದರೆ ಅವನ ಅಂಗಾಲಿಗೆ ರಕ್ಷಣೆಯಿಲ್ಲ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಹಳ್ಳಿಗಳಲ್ಲಿ ಕೋಟ್ಯಂತರ ಪಾಯಿಖಾನೆಗಳು ಎದ್ದವು. ಕಟ್ಟಡ ಎದ್ದಮೇಲೆ ಅದರಲ್ಲಿ ಸೌದೆ ತುಂಬದೆ, ನೀರಿಟ್ಟು ಬಳಸುವುದು ಮುಂದಿನ ಕೆಲಸ. ಹೊಲದಲ್ಲಿ ದುಡಿಸಿಕೊಳ್ಳುವ ಒಡೆಯನು ಕೂಲಿಯವರಿಗೆ ಅಲ್ಲಿಯೇ ಒಂದು ಪಾಯಿಖಾನೆ, ಕಾಲಿಗೆ ಒಂದು ಜೊತೆ ರಬ್ಬರ್ ಬೂಟು ಒದಗಿಸಿದರೆ ನೂರು ಮಾತ್ರೆಗಳ ಕೆಲಸವಾದೀತು.

ಓದುಗ ಮಹಾಶಯರೇ, ಕೊನೆಗೆ ಒಂದು ಮಾತನ್ನು ಶಾಂತವಾಗಿ ಯೋಚಿಸಿ. ಎಚ್.ಐ.ವಿ. ಇರುವವರನ್ನು ಕಂಡರೆ ಊರು ಹೆದರುತ್ತದೆ. ಅವರು ಕುಡಿದ ಲೋಟ ಬೇರೆ, ಕೂರುವ ಜಗಲಿ ಬೇರೆ ಎನ್ನುತ್ತದೆ. ಲೋಟದಿಂದ, ಮುಟ್ಟುವುದರಿಂದ, ಪಕ್ಕದಲ್ಲಿ ಕೂರುವುದರಿಂದ ಆ ಸೋಂಕು ಬರುವುದಿಲ್ಲ. 2017ರ ಎಚ್.ಐ.ವಿ. ಕಾಯಿದೆ ಇಂತಹವರನ್ನು ಕೆಲಸದಿಂದ, ಶಾಲೆಯಿಂದ, ಚಿಕಿತ್ಸೆಯಿಂದ ದೂರವಿಡುವುದನ್ನು ನಿಷೇಧಿಸಿದೆ; ಅವರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನೂ ತಡೆದಿದೆ. ಹಾಗೆ ನೋಡಿದರೆ ಅವರಿಂದ ಊರಿಗೆ ಭಯವಿಲ್ಲ. ಊರ ಮಣ್ಣಿನಿಂದ ಅವರಿಗೆ ಭಯವಿದೆ. ನಾವು ಬಯಲಿಗೆ ಬಿಟ್ಟ ಮಲದ ಹುಳು ಅವರ ಕುಗ್ಗಿದ ರಕ್ತವನ್ನು ಇನ್ನಷ್ಟು ಕುಗ್ಗಿಸುತ್ತದೆ. ದೂರ ನಿಲ್ಲುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗೇ ಹೊರತು ನಮಗಲ್ಲ.

ಸರಗೂರಿನ ಆಸ್ಪತ್ರೆಯವರೆಗೆ ಔಷಧ ಬಂದಿದೆ. ಅಲ್ಲಿಂದ ಹಾಡಿಯ ಗುಡಿಸಲಿಗೂ ಹೊಗೆಸೊಪ್ಪಿನ ಬದುವಿಗೂ ಅದನ್ನು ಮುಟ್ಟಿಸಬೇಕಾದದ್ದು ನೆರೆಯವನ ಒಳ್ಳೆಯ ಮಾತು. ಲಜ್ಜೆಯಿಂದ ಮನೆಯಲ್ಲಿ ಅಡಗಿ ಕುಳಿತವರಿಗೆ ಯಾವ ಮಾತ್ರೆಯೂ ತಾನಾಗಿ ನಡೆದು ಬಾರದು. ಹೆದರಿಸುವ, ಹೀಯಾಳಿಸುವ ಮಾತು ಕೂಡ ಈ ರೋಗದ ಒಂದು ಕಾರಣವೇ ಸರಿ. ನಿದಾನಪರಿವರ್ಜನದಲ್ಲಿ ಅದನ್ನು ಬಿಡುವುದೂ ಸೇರಿದೆ.